ಹಿರೋಳ್ಳಿಯ ಮಾಸ್ತರರೂ ಬ್ರೇಕಿಂಗ್ ಕುಣಿತವೂ

ಕಳೆದ ಶ್ರಾವಣದಲ್ಲಿ ಆಳಂದ ತಾಲ್ಲೂಕಿನ ಹಿರೋಳ್ಳಿಯಲ್ಲಿ ಹದಿನೈದು ದಿನಗಳ ಪ್ರವಚನಕ್ಕೆಂದು ನಾವು ಬಿಡಾರ ಮಾಡಿದ್ದೆವು. ಹಿರೋಳ್ಳಿ ನಮ್ಮ ರಾಜ್ಯದ ಅಂಚಿನ ಊರು. ಗಡಿ ದಾಟಿದರೆ ಮಹಾರಾಷ್ಟ್ರದ ವಾಗ್ದರಿ, ಅಲ್ಲಿಂದ ಮುಂದೆ ಅಕ್ಕಲಕೋಟೆ, ಅದರಾಚೆ ಸೊಲ್ಲಾಪುರ. ಆ ಭಾಗದ ಜನ ಸಂತೆ, ಆಸ್ಪತ್ರೆ, ಬೀಗತನಗಳಿಗಾಗಿ ಕಲಬುರಗಿಗೆ ಹೋಗುವಷ್ಟೇ ಸಲೀಸಾಗಿ ಸೊಲ್ಲಾಪುರಕ್ಕೂ ಹೋಗಿಬರುತ್ತಾರೆ. ಪ್ರವಚನದ ನಾಲ್ಕನೆಯ ದಿನ ಪ್ರಸಾದವಾದ ಮೇಲೆ ಎಪ್ಪತ್ತರ ಸನಿಹದ ಒಬ್ಬ ತಾಯಿ ನಮ್ಮ ಬಳಿಗೆ ಬಂದು ಕುಳಿತರು. ಮನೆಯ ಕಷ್ಟಗಳನ್ನು ಹೇಳಿಕೊಳ್ಳಲು ಬರುವವರು ಪ್ರವಚನಕಾರನಿಗೆ ಹೊಸಬರಲ್ಲ. ಮಗನ ಕುಡಿತವೋ, ಸೊಸೆಯ ಮುನಿಸೋ, ಹೊಲದ ಪಾಲೋ ಇರಬೇಕೆಂದು ಎಣಿಸಿದೆವು.

"ನಮ್ಮ ಮಗಗ ನೀವರೆ ಒಂದೀಟು ಬುದ್ಧಿ ಹೇಳ್ರಿ ಶಾಸ್ತ್ರಿಗಳ. ನಲವತ್ತೊಂದು ವರ್ಷದಾಂವ, ಸಾಲಿ ಮಾಸ್ತರ. ಐತವಾರ ಬಂತಂದ್ರ ಸೊಲ್ಲಾಪುರಕ್ಕ ಹೋಗಿ ನೆಲದ ಮ್ಯಾಲ ಬಿದ್ದು ಹೊಳ್ಳಾಡಿ ಬರ್ತಾನ. ಅದಕ್ಕ ರೊಕ್ಕಾನೂ ಕೊಡ್ತಾನ" ಎಂದರು.

ಆ ಸಂಜೆ ಮಾಸ್ತರರನ್ನು ಕರೆಸಿದೆವು. ಸೌಮ್ಯ ಸ್ವಭಾವದ ಗೃಹಸ್ಥರು. ತೊಗರಿಯ ಹೊಲವೂ ಇದೆ, ಪ್ರಾಥಮಿಕ ಶಾಲೆಯ ನೌಕರಿಯೂ ಇದೆ. ನಾಚುತ್ತಲೇ ವಿಷಯ ತಿಳಿಸಿದರು. ಅವರ ಹನ್ನೆರಡು ವರ್ಷದ ಮಗ ಮೊಬೈಲಿನಲ್ಲಿ ಯಾವುದೋ ಕುಣಿತವನ್ನು ನೋಡಿ ಅದನ್ನು ಕಲಿಯಲೇಬೇಕೆಂದು ಹಟ ಹಿಡಿದನಂತೆ. ಸೊಲ್ಲಾಪುರದಲ್ಲಿ ಕಲಿಸುವವರಿದ್ದಾರೆಂದು ತಿಳಿದು ತಂದೆಯಾದವರು ಪ್ರತಿ ಭಾನುವಾರ ಮಗನನ್ನು ಕರೆದೊಯ್ದು, ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಎರಡು ತಾಸು ಕುಳಿತು ಕಾಯುತ್ತಿದ್ದರು. ಎರಡು ತಿಂಗಳಾದ ಮೇಲೆ ಕಲಿಸುವ ಹುಡುಗ, "ಕಾಕಾ, ಸುಮ್ಮ ಕುಂತು ಏನು ಮಾಡ್ತೀರಿ, ಬರ್ರಿ" ಎಂದು ಎಬ್ಬಿಸಿದ. ಮುಂದೆ ಮಗನ ಮನಸ್ಸು ಕ್ರಿಕೆಟ್ಟಿನ ಕಡೆಗೆ ತಿರುಗಿತು, ತಂದೆ ಅಲ್ಲಿಯೇ ಉಳಿದರು. "ಮಗನ ಸಲುವಾಗಿ ಹೋದಾಂವ ನಾನೇ ಸಿಕ್ಕೊಂಡೆ ನೋಡ್ರಿ" ಎಂದು ಅವರು ನಕ್ಕಾಗ ನಮಗೂ ನಗು ತಡೆಯಲಾಗಲಿಲ್ಲ. ಈಗ ಹನ್ನೊಂದನೆಯ ತಿಂಗಳು. ಬೆಳಗಿನ ಜಾವ ಮಾಳಿಗೆಯ ಮೇಲೆ ಅಭ್ಯಾಸ ಮಾಡುವುದನ್ನು ನೆರೆಯವರು ಕಂಡು, ಮಾಸ್ತರರಿಗೆ ಗಾಳಿ ಬಡಿದಿದೆಯೆಂದು ಊರಲ್ಲಿ ಸುದ್ದಿಯಾಯಿತು. ಶಾಲೆಯ ಮಕ್ಕಳೂ ಮರೆಯಲ್ಲಿ ನಕ್ಕವು. "ನಕ್ಕರ ನಗಲಿ ಬಿಡ್ರಿ, ಆದರ ಅವ್ವ ಅಳತಾಳ, ಅದಕ್ಕ ಏನು ಮಾಡಬೇಕು ತಿಳೀವಲ್ದು" ಎಂದರು.

ತಾಯಿ ಅಳುವುದಕ್ಕೆ ಕಾರಣ ಊರಿನ ನಗೆಯೇ ಎಂದು ನಾವು ಭಾವಿಸಿದ್ದು ತಪ್ಪಾಗಿತ್ತು. ಮರುದಿನ ಅವರನ್ನು ವಿಚಾರಿಸಿದಾಗ ಒಳಗಿದ್ದ ಮಾತು ಹೊರಬಂತು: "ತಲಿ ಕೆಳಗ ಕಾಲು ಮ್ಯಾಲ ಮಾಡಿ ನಿಂತಾಗ ಕೊರಳಾಗಿನ ಲಿಂಗ ಎಲ್ಲಿ ಇರ್ತದ್ರಿ? ನೆಲಕ್ಕ ಬಡೀತದೇನು? ಇಲ್ಲಾ ಬಿಚ್ಚಿ ಮೂಲ್ಯಾಗ ಇಟ್ಟು ಕುಣೀತಾನೇನು? ಅಷ್ಟು ನೋಡಿ ಬಂದು ಹೇಳ್ರಿ ನನಗ."

ವಾಚಕರೇ, ನಲವತ್ತು ವರ್ಷಗಳಿಂದ ಪ್ರವಚನ ಮಾಡುತ್ತ ಬಂದಿರುವ ನಮಗೆ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಇಷ್ಟಲಿಂಗವನ್ನು ಉರ, ಕಂಠ, ಕಕ್ಷ, ಕರಸ್ಥಲ, ಉತ್ತಮಾಂಗ ಮೊದಲಾದ ಸ್ಥಾನಗಳಲ್ಲಿ ಧರಿಸಬಹುದೆಂದೂ ನಾಭಿಯಿಂದ ಕೆಳಗೆ ಧರಿಸಲಾಗದೆಂದೂ ಪಾಠಶಾಲೆಯಲ್ಲಿ ಕಲಿತಿದ್ದೇವೆ, ಕಲಿಸಿದ್ದೇವೆ. ಆದರೆ ತಲೆಕೆಳಗಾಗಿ ನಿಂತವನಿಗೆ ನಾಭಿಯ ಮೇಲು ಯಾವುದು, ಕೆಳಗು ಯಾವುದು ಎಂಬ ವಿಚಾರವನ್ನು ನಾವು ಓದಿದ ಯಾವ ಶಾಸ್ತ್ರಕಾರನೂ ಎತ್ತಿದ್ದಿಲ್ಲ. ಕಣ್ಣಾರೆ ಕಾಣದೆ ತೀರ್ಪು ಹೇಳುವುದು ಸರಿಯಲ್ಲವೆಂದು ಬರುವ ಭಾನುವಾರ ಮಾಸ್ತರರ ಜೊತೆಗೆ ನಾವೂ ಬಸ್ಸು ಹತ್ತಿದೆವು.

ಸೊಲ್ಲಾಪುರದಲ್ಲಿ ಮಗ್ಗಗಳ ಸದ್ದು ಕೇಳಿಸುವ ಒಂದು ಓಣಿ. ಅಲ್ಲಿನ ಮನೆಯೊಂದರ ಮೇಲಂತಸ್ತಿನಲ್ಲಿ ಉದ್ದನೆಯ ಕೋಣೆ. ನೆಲಕ್ಕೆ ನುಣುಪಾದ ಹಾಸು, ಒಂದು ಗೋಡೆಗೆ ಕನ್ನಡಿ. ಕಲಿಸುವಾತನಿಗೆ ಇಪ್ಪತ್ತಮೂರು ವರ್ಷ. ತೆಲುಗು ಮಾತನಾಡುವ ನೇಕಾರರ ಮನೆಯ ಹುಡುಗ. ತಂದೆ ಚಾದರ ನೇಯುತ್ತಾರೆ. ಶಿಷ್ಯರೊಡನೆ ಹಿಂದಿ, ಮರಾಠಿ, ನಮ್ಮೊಡನೆ ಸೊಲ್ಲಾಪುರದ ಕನ್ನಡ. ಶಿಷ್ಯರು ಹದಿನಾರು ಮಂದಿ, ಅವರಲ್ಲಿ ನಾಲ್ವರು ಹುಡುಗಿಯರು. ಎಲ್ಲರಿಗಿಂತ ಕಿರಿಯಳಿಗೆ ಎಂಟು ವರ್ಷ. ನಮ್ಮ ಮಾಸ್ತರರು ಹಿರಿಯರು. ಅವರ ನಂತರದ ಹಿರಿಯ ಶಿಷ್ಯನಿಗೆ ಇಪ್ಪತ್ತೇಳು.

ಈ ಕುಣಿತಕ್ಕೆ ಬ್ರೇಕಿಂಗ್ ಎಂದು ಹೆಸರು. ಸಾಮಾನ್ಯರು ಬ್ರೇಕ್ ಡಾನ್ಸ್ ಎನ್ನುತ್ತಾರೆ. ಹಿಪ್-ಹಾಪ್ ಎಂಬುದು ಒಂದು ದೊಡ್ಡ ಮನೆತನವಾದರೆ ಇದು ಅದರ ಒಂದು ಕವಲು. ಗಾನತಟ್ಟೆಗಳನ್ನು ಕೈಯಿಂದ ತಿರುಗಿಸಿ ನುಡಿಸುವುದು, ಲಯಕ್ಕೆ ಸರಿಯಾಗಿ ಪ್ರಾಸಬದ್ಧವಾಗಿ ಮಾತನಾಡುವುದು, ಗೋಡೆಯ ಮೇಲೆ ಬಣ್ಣದಿಂದ ಬರೆಯುವುದು ಉಳಿದ ಕವಲುಗಳು. ಇದರ ಹುಟ್ಟಿನ ದಿನವನ್ನು 1973ರ ಆಗಸ್ಟ್ 11 ಎಂದು ಎಣಿಸುವುದು ರೂಢಿ. ಅಮೆರಿಕೆಯ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಬಡವರ ವಿಭಾಗದಲ್ಲಿ, ಸೆಜ್‌ವಿಕ್ ಅವೆನ್ಯೂ 1520ನೆಯ ನಂಬರಿನ ಕಟ್ಟಡದಲ್ಲಿ, ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆಗೆ ಹೊಸ ಬಟ್ಟೆ ಕೊಳ್ಳುವುದಕ್ಕೆಂದು ಒಂದು ಸಂತೋಷಕೂಟವನ್ನು ಏರ್ಪಡಿಸಿದಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶಧನ. ಹಾಡು ನುಡಿಸಿದವನು ಆಕೆಯ ಅಣ್ಣ ಕ್ಲೈವ್. ಜಮೈಕಾ ದ್ವೀಪದಲ್ಲಿ ಹುಟ್ಟಿ ಬಂದವನು, ಆಗ ಹದಿನೆಂಟರ ಹರೆಯ, ಕೂಲ್ ಹರ್ಕ್ ಎಂಬ ಹೆಸರಿನಿಂದ ಪ್ರಸಿದ್ಧನಾದವನು. ಹಾಡುಗಾರಿಕೆ ನಿಂತು ಬರಿಯ ಚರ್ಮವಾದ್ಯ ಮೊಳಗುವ ಭಾಗ ಬಂದಾಗಲೇ ಜನ ಹೆಚ್ಚು ಹುರುಪಿನಿಂದ ಕುಣಿಯುತ್ತಾರೆಂಬುದನ್ನು ಅವನು ಕಂಡುಕೊಂಡಿದ್ದ. ಆ ಭಾಗವನ್ನು ಅವರ ಭಾಷೆಯಲ್ಲಿ ಬ್ರೇಕ್ ಎನ್ನುತ್ತಾರೆ. ಒಂದೇ ಗಾನತಟ್ಟೆಯ ಎರಡು ಪ್ರತಿಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಒಂದರಲ್ಲಿ ಆ ಭಾಗ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಆರಂಭಿಸಿ, ಕ್ಷಣಮಾತ್ರದ ವಾದನವನ್ನು ಬೇಕಾದಷ್ಟು ಹೊತ್ತು ಹಿಗ್ಗಿಸಿದ. ಆ ಭಾಗಕ್ಕೆ ಕುಣಿಯುವ ಹುಡುಗರೇ ಬ್ರೇಕ್ ಬಾಯ್‌ಗಳು, ಹುಡುಗಿಯರು ಬ್ರೇಕ್ ಗರ್ಲ್‌ಗಳು. ಮುರಿತವೆಂಬ ಅರ್ಥ ಹಿಡಿದು ಮೂಳೆ ಮುರಿದುಕೊಳ್ಳುವ ಕುಣಿತವೆಂದು ಊಹಿಸಿದ್ದವರಲ್ಲಿ ನಾವೂ ಒಬ್ಬರು.

ಆ ಕಾಲದ ಬ್ರಾಂಕ್ಸಿನಲ್ಲಿ ಓಣಿಗೊಂದು ಹುಡುಗರ ಗುಂಪು, ಗುಂಪಿಗೊಂದು ವೈರ. 1971ರ ಡಿಸೆಂಬರಿನಲ್ಲಿ, ಜಗಳ ಬಿಡಿಸಲು ಹೋದ ಬ್ಲ್ಯಾಕ್ ಬೆಂಜಿ ಎಂಬ ಯುವಕನ ಕೊಲೆಯಾದಾಗ, ಸೇಡು ತೀರಿಸಿಕೊಳ್ಳುವ ಬದಲು ಗುಂಪುಗಳ ಮುಖಂಡರು ಒಂದೆಡೆ ಕೂಡಿ ಶಾಂತಿಯ ಒಪ್ಪಂದ ಮಾಡಿಕೊಂಡರು. ಒಂದು ಓಣಿಯವನು ಇನ್ನೊಂದು ಓಣಿಯ ಕೂಟಕ್ಕೆ ಹೋಗಿ ಕುಣಿಯುವುದು ಸಾಧ್ಯವಾದದ್ದು ಆ ಬಳಿಕ. ಈ ಕುಣಿತದ ಪಂದ್ಯವನ್ನು ಅವರು ಇಂದಿಗೂ ಯುದ್ಧವೆಂದೇ ಕರೆಯುತ್ತಾರೆ. ಎದುರಾಳಿಯನ್ನು ಮುಟ್ಟಕೂಡದೆಂಬುದೇ ಆ ಯುದ್ಧದ ಧರ್ಮ.

ಇದರ ಅಂಗಗಳು ನಾಲ್ಕು. ನಿಂತು ಹಾಕುವ ಹೆಜ್ಜೆಗಳು, ಕೈಯೂರಿ ನೆಲದ ಮೇಲೆ ಹಾಕುವ ಹೆಜ್ಜೆಗಳು, ಬೆನ್ನು ಭುಜ ನೆತ್ತಿಗಳ ಮೇಲೆ ಗಿರಗಿರನೆ ತಿರುಗುವ ಬಲದ ವರಸೆಗಳು, ಮತ್ತು ಓಡುತ್ತಿರುವ ದೇಹವನ್ನು ಲಯದ ಒಂದು ಪೆಟ್ಟಿಗೆ ಸರಿಯಾಗಿ ಶಿಲೆಯಂತೆ ನಿಲ್ಲಿಸುವ ಸ್ತಂಭನ. ಕೊನೆಯದು ನಮಗೆ ಬಹಳ ಹಿಡಿಸಿತು. ಎಂಟು ವರ್ಷದ ಆ ಬಾಲಕಿ ಒಂದು ಅಂಗೈ ಮತ್ತು ತಲೆಯ ಆಧಾರದಲ್ಲಿ, ಕಾಲುಗಳನ್ನು ಆಕಾಶಕ್ಕೆ ಮಡಿಚಿ ಹಿಡಿದು, ಉಸಿರು ಬಿಗಿಹಿಡಿಯದೆ ನಿಂತಳು.

ನಮ್ಮ ಮಾಸ್ತರರು ಅಷ್ಟು ದೂರ ಹೋಗಿಲ್ಲ. ಅವರು ಕಲಿಯುತ್ತಿರುವುದು ಆರು ಹೆಜ್ಜೆಯೆಂಬ ಮೊದಲ ಪಾಠ. ಅಂಗೈಗಳನ್ನು ನೆಲಕ್ಕೂರಿ, ಮೈಯನ್ನು ನೆಲದಿಂದ ಎತ್ತಿ ಹಿಡಿದು, ಕಾಲುಗಳನ್ನು ಒಂದಾದ ಮೇಲೊಂದರಂತೆ ಆರು ಹೆಜ್ಜೆಗಳಲ್ಲಿ ಕೈಗಳ ಸುತ್ತ ಚಕ್ರಾಕಾರವಾಗಿ ಒಯ್ದು ಮೊದಲಿನ ಸ್ಥಾನಕ್ಕೆ ತರಬೇಕು. ಕಾಲು ಬರುವ ಹೊತ್ತಿಗೆ ಆ ಬದಿಯ ಕೈ ಎದ್ದು ದಾರಿ ಬಿಡಬೇಕು. ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗಿದ ಹಾಗೆ, ಇಲ್ಲಿ ಮೇಟಿಯೂ ತಾನೇ, ಎತ್ತೂ ತಾನೇ. ಮಾಸ್ತರರು ನಾಲ್ಕು ಹೆಜ್ಜೆ ಚೆನ್ನಾಗಿ ಹಾಕಿದರು. ಐದನೆಯದಕ್ಕೆ ಎಡಗಾಲು ಬಲಗಾಲಿಗೆ ತೊಡರಿ ದೊಪ್ಪನೆ ಕುಳಿತರು. ಎದ್ದರು, ಮತ್ತೆ ಬಿದ್ದರು. ನಾವು ಎಣಿಸುತ್ತ ಹೋದೆವು. ಒಂದು ತಾಸಿನಲ್ಲಿ ಹತ್ತೊಂಬತ್ತು ಸಲ. ಊರಿನಲ್ಲಿ ನಲವತ್ತು ಮಕ್ಕಳನ್ನು ಕಣ್ಣಸನ್ನೆಯಿಂದ ಕೂರಿಸುವ ವ್ಯಕ್ತಿ, ಇಲ್ಲಿ ಹತ್ತು ವರ್ಷದ ಪೋರನು "ಕಾಕಾ, ಸೊಂಟ ಮ್ಯಾಲ" ಎಂದರೆ "ಹೂಂ" ಎಂದು ಸೊಂಟ ಎತ್ತುತ್ತಿದ್ದರು. ಅಲ್ಲಿ ನಗುವವರು ಯಾರೂ ಇರಲಿಲ್ಲ, ಏಕೆಂದರೆ ಎಲ್ಲರೂ ಬೀಳುವವರೇ. ಕುಣಿಯಲಾರದವನಿಗೆ ನೆಲ ಡೊಂಕೆಂಬ ಗಾದೆಯಿದೆಯಷ್ಟೆ. ಈ ಮನುಷ್ಯ ಒಂದು ಸಲವೂ ನೆಲವನ್ನು ದೂರಲಿಲ್ಲ.

ಅವರನ್ನು ನೋಡುತ್ತ ಕುಳಿತ ನಮಗೆ ಅದೇ ಊರಿನ ಹಳೆಯ ಕಥೆ ನೆನಪಾಯಿತು. ಸೊಲ್ಲಾಪುರವೆಂದರೆ ಹನ್ನೆರಡನೆಯ ಶತಮಾನದ ಸೊನ್ನಲಿಗೆ, ಸಿದ್ಧರಾಮೇಶ್ವರರ ಕ್ಷೇತ್ರ. ಕೆರೆ ಕಟ್ಟಿಸಿ, ಗುಡಿಗಳನ್ನು ನಿಲ್ಲಿಸಿ, ಶಿವಯೋಗಿಯೆಂದು ಹೆಸರಾದ ಮೇಲೆ ಅವರು ಅಲ್ಲಮಪ್ರಭುಗಳೊಡನೆ ಕಲ್ಯಾಣಕ್ಕೆ ಹೋಗಿ, ವಯಸ್ಸಿನಲ್ಲಿ ಕಿರಿಯರಾದ ಚನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಈ ಪ್ರಸಂಗದ ತತ್ತ್ವಾರ್ಥವನ್ನು ನಾವು ಎಷ್ಟೋ ವೇದಿಕೆಗಳಲ್ಲಿ ವಿವರಿಸಿದ್ದುಂಟು. ಹೆಸರಾದ ಹಿರಿಯನೊಬ್ಬ ಮತ್ತೆ ಮೊದಲಕ್ಷರಕ್ಕೆ ಕುಳಿತಾಗ ಅವನ ಮುಖ ಹೇಗಿದ್ದೀತೆಂಬುದನ್ನು ಮಾತ್ರ ಎಂದೂ ಯೋಚಿಸಿರಲಿಲ್ಲ. ಕುಣಿತದ ಕೋಣೆಯನ್ನು ಕಲ್ಯಾಣಕ್ಕೆ ಹೋಲಿಸುವ ಸಾಹಸ ನಮ್ಮದಲ್ಲ. ಮುಖದ ಮಾತಷ್ಟೇ ಹೇಳುತ್ತಿದ್ದೇವೆ.

ಕುಣಿತ ನಮ್ಮವರಿಗೆ ಪರಕೀಯವೆಂದು ಹೇಳುವವರುಂಟು. ಶರಣರ ಗಣದಲ್ಲಿ ಬಹುರೂಪದ ವೇಷ ಹಾಕಿ ಬದುಕಿದ ಚೌಡಯ್ಯನವರಿದ್ದರು, ಢಕ್ಕೆ ಬಾರಿಸುತ್ತಿದ್ದ ಬೊಮ್ಮಣ್ಣನವರಿದ್ದರು, ನಗಿಸುವುದನ್ನೇ ಕಾಯಕವಾಗಿ ಮಾಡಿಕೊಂಡ ನಗೆಯ ಮಾರಿತಂದೆಯವರಿದ್ದರು. ಇಂದಿಗೂ ಉತ್ತರ ಕರ್ನಾಟಕದ ನಮ್ಮ ಮನೆಗಳ ಮದುವೆಯಲ್ಲಿ ಗುಗ್ಗಳ ಹೊರಟರೆ ಪುರವಂತರು ಬರಲೇಬೇಕು. ಆ ಪುರವಂತರು ವೃತ್ತಿಯಿಂದ ನರ್ತಕರೇ? ಅಲ್ಲ. ನಿನ್ನೆ ಹೊಲ ಹರಗಿದವನು, ಅಂಗಡಿಯಲ್ಲಿ ಬೇಳೆ ತೂಗಿದವನು, ಇಂದು ಕಾವಿಯುಟ್ಟು ಖಡ್ಗ ಹಿಡಿದಿರುತ್ತಾನೆ. ಎಷ್ಟೋ ಜನ ಹರಕೆ ಹೊತ್ತು ಮೂವತ್ತು, ನಲವತ್ತರ ವಯಸ್ಸಿನಲ್ಲಿ ಗೆಜ್ಜೆ ಕಟ್ಟಿದವರು. ಎಲ್ಲರೂ ಸುತ್ತ ನಿಲ್ಲುತ್ತಾರೆ, ಒಬ್ಬ ನಡುವೆ ಬಂದು ವೀರಭದ್ರನ ಒಡಪು ಹೇಳುತ್ತಾನೆ. ಮಾತು ನಿಂತ ಕ್ಷಣದಲ್ಲಿ ಸಂಬಾಳದ ಪೆಟ್ಟು ಬೀಳುತ್ತದೆ, ಅವನು ಹಾರುತ್ತಾನೆ. ಅವನು ಹಿಂದೆ ಸರಿದರೆ ಇನ್ನೊಬ್ಬ ಬರುತ್ತಾನೆ. ಸೊಲ್ಲಾಪುರದ ಆ ಕೋಣೆಯಲ್ಲಿ ಮಕ್ಕಳು ವೃತ್ತವಾಗಿ ನಿಂತು ಒಬ್ಬೊಬ್ಬರೇ ನಡುವೆ ಬಂದು ಹೋಗುವುದನ್ನು ಕಂಡಾಗ, ವಾದ್ಯ ಬೇರೆ, ಭಾವ ಬೇರೆ, ಆದರೂ ನಿಂತ ಬಗೆ ನಮಗೆ ಗುರುತಿನದೆನಿಸಿತು. ಅಲ್ಲಿ ಭಕ್ತಿಯಿಲ್ಲ, ಇದೆಯೆಂದು ಹೇಳಿ ನಮ್ಮ ಪುರವಂತಿಕೆಯನ್ನು ಅಗ್ಗ ಮಾಡಲಾರೆವು.

ಆ ಊರಿನ ಸಂಕ್ರಾಂತಿ ಜಾತ್ರೆಯನ್ನು ಕಂಡವರಿಗೆ ಇನ್ನೊಂದು ನಿದರ್ಶನ ಸಿಕ್ಕೀತು. ಸಿದ್ಧರಾಮೇಶ್ವರರ ಏಳು ನಂದಿಧ್ವಜಗಳು ಅರವತ್ತೆಂಟು ಲಿಂಗಗಳ ದರ್ಶನಕ್ಕೆ ಹೊರಡುತ್ತವೆ. ಬಿಳಿಯ ಬಾರಾಬಂದಿ ತೊಟ್ಟ ಒಬ್ಬನೇ ಆಳು ಸೊಂಟದ ಪಟ್ಟಿಯಲ್ಲಿ ಬುಡವನ್ನು ಊರಿ ಆ ಎತ್ತರದ ಕಂಬವನ್ನು ನೆಟ್ಟಗೆ ಹಿಡಿದು ನಡೆಯುತ್ತಾನೆ. ಹಬ್ಬಕ್ಕೆ ಬಹು ಮುಂಚೆಯೇ ಇದರ ಅಭ್ಯಾಸ ನಡೆಯುತ್ತದೆ. ಅಂಗಡಿಕಾರರು, ನೌಕರರು, ಮಕ್ಕಳೊಂದಿಗರು ಸಂಜೆಯ ಹೊತ್ತು ತೂಕ ಹಿಡಿಯುವುದನ್ನು ಕಲಿಯುತ್ತಾರೆ. ಅವರನ್ನು ಯಾರೂ ಗಾಳಿ ಬಡಿದವರೆನ್ನುವುದಿಲ್ಲ.

ಇಲ್ಲಿ ನಮ್ಮ ಸ್ವಂತದ ಒಂದು ಮಾತು ಹೇಳಬೇಕಾಗಿದೆ. ನಮಗೆ ಹದಿಮೂರು ವರ್ಷವಾಗಿದ್ದಾಗ ನಾವಿದ್ದ ಮಠದ ಪಾಠಶಾಲೆಗೆ ವೀರಭದ್ರನ ಉತ್ಸವಕ್ಕೆಂದು ಪುರವಂತರ ತಂಡ ಬರುತ್ತಿತ್ತು. ಅವರಲ್ಲಿದ್ದ ಒಬ್ಬ ವೃದ್ಧರಿಂದ ನಾವು ಕೆಲವು ಒಡಪುಗಳನ್ನು ಕಲಿತೆವು. ಒಂದು ರಾತ್ರಿ ಅವರ ಗೆಜ್ಜೆಯನ್ನು ಕಟ್ಟಿಕೊಂಡು ಅಂಗಳದಲ್ಲಿ ಕುಣಿಯುತ್ತಿದ್ದಾಗ ನಮ್ಮ ಅಧ್ಯಾಪಕರೊಬ್ಬರು ಕಂಡರು. ಬೈಯಲಿಲ್ಲ, ಹೊಡೆಯಲಿಲ್ಲ. "ಪಂಡಿತನಾಗುವವನಿಗೆ ಗೆಜ್ಜೆ ಏತಕ್ಕೆ?" ಎಂದು ಕೇಳಿ ಹೊರಟುಹೋದರು. ಅಂದು ಬಿಚ್ಚಿಟ್ಟ ಗೆಜ್ಜೆಯನ್ನು ನಾವು ಮತ್ತೆ ಮುಟ್ಟಲಿಲ್ಲ. ನಟರಾಜನ ತಾಂಡವವನ್ನು ಕುರಿತು ಎರಡು ತಾಸು ನಿರರ್ಗಳವಾಗಿ ಮಾತನಾಡಬಲ್ಲ ನಾವು ಅರವತ್ತೇಳು ವರ್ಷಗಳ ಬಾಳಿನಲ್ಲಿ ಲಯಕ್ಕೆ ಒಂದು ಹೆಜ್ಜೆ ಹಾಕಿದವರಲ್ಲ. ಮಾಸ್ತರರಿಗೆ ಬುದ್ಧಿ ಹೇಳಲು ಹೊರಟವರ ಬಂಡವಾಳ ಇಷ್ಟು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬುದು ನಮ್ಮ ಹಿರಿಯರ ಪ್ರಶ್ನೆ. ಇದಕ್ಕೆ ಉತ್ತರವಾಗಿ ಕಲಿಸುವ ಹುಡುಗ ಜಪಾನಿನ ಅಯುಮಿ ಫುಕುಶಿಮಾ ಎಂಬಾಕೆಯ ಚಿತ್ರವನ್ನು ತೋರಿಸಿದ. ಆಕೆ ಬ್ರೇಕಿಂಗ್ ಹಿಡಿದದ್ದು ಇಪ್ಪತ್ತು ದಾಟಿದ ಮೇಲೆ, ಅಕ್ಕನನ್ನು ನೋಡಿ. ಈ ವಿದ್ಯೆಯಲ್ಲಿ ಅದು ತಡವೇ ಸರಿ. 2021ರಲ್ಲಿ ಪ್ಯಾರಿಸಿನಲ್ಲಿ ನಡೆದ ವಿಶ್ವ ಪಂದ್ಯದಲ್ಲಿ ಆಕೆ ಚಿನ್ನ ಗೆದ್ದಾಗ ವಯಸ್ಸು ಮೂವತ್ತೆಂಟು. 2024ರ ಆಗಸ್ಟ್ 9 ಮತ್ತು 10ರಂದು ಅದೇ ನಗರದ ಒಲಿಂಪಿಕ್ಸಿನಲ್ಲಿ ಬ್ರೇಕಿಂಗ್ ಮೊದಲ ಬಾರಿಗೆ ಪದಕದ ಸ್ಪರ್ಧೆಯಾದಾಗ ಆಕೆಗೆ ನಲವತ್ತೊಂದು, ಎಂದರೆ ನಮ್ಮ ಮಾಸ್ತರರ ಈಗಿನ ವಯಸ್ಸು. ಅಂದು ಮಹಿಳೆಯರ ಚಿನ್ನ ಗೆದ್ದವಳು ಜಪಾನಿನ ಅಮಿ ಯುವಾಸಾ, ಪುರುಷರಲ್ಲಿ ಕೆನಡಾದ ಫಿಲಿಪ್ ಕಿಮ್. ಒಂಬತ್ತು ಜನ ನಿರ್ಣಾಯಕರು ತಂತ್ರ, ವರಸೆಗಳ ಸಂಪತ್ತು, ನಿರ್ವಹಣೆ, ಲಯಜ್ಞಾನ, ಸ್ವಂತಿಕೆ ಎಂಬ ಐದನ್ನು ಸಮಪಾಲಿನಲ್ಲಿ ತೂಗಿ ತೀರ್ಪು ಕೊಟ್ಟರು.

ಅದೇ ವೇದಿಕೆಯಲ್ಲಿ ಆಸ್ಟ್ರೇಲಿಯಾದ ರೇಚಲ್ ಗನ್ ಎಂಬ ವಿಶ್ವವಿದ್ಯಾಲಯದ ಅಧ್ಯಾಪಕಿಯೂ ಕುಣಿದರು. ಬ್ರೇಕಿಂಗ್ ವಿಷಯದಲ್ಲೇ ಡಾಕ್ಟರೇಟ್ ಪಡೆದವರು, ಇವರೂ ಇಪ್ಪತ್ತರ ಪ್ರಾಯ ದಾಟಿದ ಮೇಲೆ ಆರಂಭಿಸಿದವರು, ವಯಸ್ಸು ಮೂವತ್ತಾರು. ಮೂರು ಪಂದ್ಯಗಳಲ್ಲಿಯೂ 18ಕ್ಕೆ ಸೊನ್ನೆಯಂತೆ ಸೋತರು. ಲೋಕವೆಲ್ಲ ಅವರನ್ನು ಗೇಲಿ ಮಾಡಿತು. ಆ ವರ್ಷದ ನವೆಂಬರಿನಲ್ಲಿ ಸ್ಪರ್ಧೆಗಳಿಂದ ನಿವೃತ್ತಿ ಘೋಷಿಸಿದರು. ಒಲಿಂಪಿಕ್ಸಿನಂಥ ಕಡೆ ಅಷ್ಟು ಕಡಿಮೆ ಸಾಮರ್ಥ್ಯದೊಡನೆ ಹೋದದ್ದು ಸರಿಯೇ ಎಂದು ಕೇಳುವವರ ಮಾತಿನಲ್ಲೂ ಹುರುಳುಂಟು. ಆದರೆ ನಕ್ಕವರಲ್ಲಿ ಎಷ್ಟು ಜನ ಅಂಗೈಯೂರಿ ಐದು ಹೆಜ್ಜೆ ಹಾಕಬಲ್ಲರು? ಹಿರೋಳ್ಳಿಯ ಮಾಳಿಗೆಯ ಕೆಳಗೆ ನಿಂತು ನಕ್ಕವರಿಗೂ ಇದೇ ಪ್ರಶ್ನೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ ಪಟ್ಟಿಯಲ್ಲಿ ಈ ಕುಣಿತ ಇಲ್ಲ. ಅದರಿಂದ ಆ ಕೋಣೆಯ ಹದಿನಾರು ಮಂದಿಗೆ ನಷ್ಟವಾದಂತೆ ಕಾಣಲಿಲ್ಲ.

ನಮ್ಮ ನಾಡೂ ಇದಕ್ಕೆ ತೀರ ಹೊಸತಲ್ಲ. ಮೈಸೂರು ಜಿಲ್ಲೆಯ ಮೂಗೂರಿನ ಸುಂದರ್ ಮಾಸ್ತರರ ಮಗ ಪ್ರಭುದೇವ ಭರತನಾಟ್ಯ ಕಲಿತ ಮೈಯನ್ನೇ ಪಾಶ್ಚಾತ್ಯ ಕುಣಿತಕ್ಕೆ ಒಗ್ಗಿಸಿ ಮೂರು ದಶಕಗಳ ಹಿಂದೆಯೇ ದೇಶದ ಹುಡುಗರನ್ನು ಹುಚ್ಚೆಬ್ಬಿಸಿದ್ದರು. ಬೆಂಗಳೂರಿನ ಜೊಹಾನಾ ರೊಡ್ರಿಗ್ಸ್, ಬಿ-ಗರ್ಲ್ ಜೋ ಎಂದು ಪ್ರಸಿದ್ಧರಾದವರು, ಯೋಗಾಭ್ಯಾಸವನ್ನೂ ಬ್ರೇಕಿಂಗನ್ನೂ ಒಟ್ಟಿಗೆ ಸಾಧಿಸಿ ದೇಶಮಟ್ಟದ ಪಂದ್ಯ ಗೆದ್ದಿದ್ದಾರೆ.

ವಯಸ್ಕರು ಈ ವಿದ್ಯೆಗೆ ಕೈಹಾಕುವುದಾದರೆ ಎಚ್ಚರಿಕೆ ಅಗತ್ಯ. ಮನೆಯವರ ಆತಂಕ ಪೂರ್ತಿ ನಿರಾಧಾರವಲ್ಲ. ನಲವತ್ತರ ಮೈಯಲ್ಲಿ ಸ್ನಾಯುಗಳು ಚೇತರಿಸಿಕೊಳ್ಳುವುದು ನಿಧಾನ. ಮೊದಲು ನೋಯುವುದು ಮಣಿಕಟ್ಟು. ಆದ್ದರಿಂದ ಆ ಹುಡುಗ ಮೊದಲ ಅರ್ಧ ತಾಸು ಮಣಿಕಟ್ಟು, ಭುಜ, ಸೊಂಟಗಳನ್ನು ಹದಗೊಳಿಸದೆ ಮಾಸ್ತರರನ್ನು ನೆಲಕ್ಕೆ ಇಳಿಸುವುದಿಲ್ಲ. ಮೊಣಕಾಲಿಗೆ ಮೆತ್ತೆ ಕಟ್ಟಿಸುತ್ತಾನೆ. ಎರಡು ತಿಂಗಳು ಬೀಳುವುದನ್ನೇ ಕಲಿಸಿದನಂತೆ, ಕೈ ಚಾಚಿ ಬೀಳದೆ ಮೈ ಉರುಳಿಸಿ ಬೀಳುವುದನ್ನು. ತಲೆಕೆಳಗಾಗಿ ನಿಂತಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಆದುದರಿಂದ ಕಣ್ಣೊತ್ತಡದ ರೋಗ ಅಥವಾ ಅಧಿಕ ರಕ್ತದೊತ್ತಡ ಇದ್ದವರು ವೈದ್ಯರನ್ನು ಕೇಳದೆ ಆ ವರಸೆಗಳ ತಂಟೆಗೆ ಹೋಗಕೂಡದು. ನೆತ್ತಿಯ ಮೇಲೆ ಗಿರಗಿರನೆ ತಿರುಗುವುದನ್ನು ಹತ್ತೊಂಬತ್ತು ವರ್ಷ ಮಾಡಿದ ಡೆನ್ಮಾರ್ಕಿನ ಒಬ್ಬ ನರ್ತಕನ ನೆತ್ತಿಯಲ್ಲಿ ಗಡ್ಡೆ ಬೆಳೆದು, ಶಸ್ತ್ರಚಿಕಿತ್ಸೆಯಿಂದ ತೆಗೆದ ವೃತ್ತಾಂತ 2024ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಮಾಸ್ತರರಿಗೆ ನೆತ್ತಿಯ ವರಸೆ ಕಲಿಸುವುದಿಲ್ಲವೆಂದು ಆ ಹುಡುಗ ನಮಗೆ ಮಾತು ಕೊಟ್ಟಿದ್ದಾನೆ.

ಕುಣಿತದಿಂದ ಲಾಭವೂ ಉಂಟು. 75 ವರ್ಷ ದಾಟಿದ 469 ಜನರನ್ನು ವರ್ಷಗಟ್ಟಲೆ ಗಮನಿಸಿ ನ್ಯೂಯಾರ್ಕಿನ ವೈದ್ಯರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದು, ಮಣೆಯಾಟ, ವಾದ್ಯ ನುಡಿಸುವುದು ಇವುಗಳ ಜೊತೆಗೆ, ದೈಹಿಕ ಚಟುವಟಿಕೆಗಳ ಪೈಕಿ ಕುಣಿತವೊಂದೇ ಮರೆವಿನ ರೋಗದ ಇಳಿಕೆಯೊಡನೆ ಕಾಣಿಸಿಕೊಂಡಿತ್ತು. ಕುಣಿದದ್ದರಿಂದ ಆರೋಗ್ಯವೋ, ಆರೋಗ್ಯವಂತರೇ ಕುಣಿದರೋ ಎಂಬುದು ಅದರಿಂದ ತೀರ್ಮಾನವಾಗದು. ಅದು ನೆಲದ ಮೇಲೆ ಹೊರಳುವ ಕುಣಿತವೂ ಅಲ್ಲ.

ಇನ್ನು ತಾಯಿಯ ಪ್ರಶ್ನೆ. ಮಾಸ್ತರರು ಲಿಂಗವನ್ನು ಬಿಚ್ಚಿ ಮೂಲೆಯಲ್ಲಿಡುತ್ತಿರಲಿಲ್ಲ. ಕರಡಿಗೆಯನ್ನು ಮನೆಯಲ್ಲಿಟ್ಟು, ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಎಡರಟ್ಟೆಗೆ ಕಟ್ಟಿಕೊಳ್ಳುತ್ತಿದ್ದರು. ನಮ್ಮ ಬಾಲ್ಯದಲ್ಲಿ ಗರಡಿಮನೆಗೆ ಹೋಗುತ್ತಿದ್ದ ನಮ್ಮ ಚಿಕ್ಕಪ್ಪನವರೂ ಹಾಗೆಯೇ ಮಾಡುತ್ತಿದ್ದುದು ನೆನಪಾಯಿತು. ಆದರೆ ಕುಸ್ತಿಯ ಮಾತು ಬೇರೆ. ನಾವು ನೋಡುತ್ತಿದ್ದಂತೆಯೇ, ಬೆವರಿದ ತೋಳಿನಿಂದ ಆ ವಸ್ತ್ರ ಜಾರಿ ಮೊಣಕೈಗೆ ಬಂತು. ಮಾಸ್ತರರು ಸರಕ್ಕನೆ ನಿಂತು ಅಂಗೈಯಲ್ಲಿ ಮುಚ್ಚಿ ಹಿಡಿದರು. ಮುಖ ಬಿಳಿಚಿತ್ತು. ಹುಡುಗ ಏನೆಂದು ಕೇಳದೆ ಸಂಗೀತ ನಿಲ್ಲಿಸಿದ. ಮಕ್ಕಳು ಅತ್ತ ತಿರುಗಿ ನಿಂತರು. ಅವರು ಕಿಟಕಿಯ ಬಳಿಗೆ ಹೋಗಿ ಮತ್ತೆ ಕಟ್ಟಿಕೊಂಡು ಬಂದ ಮೇಲೆಯೇ ಪಾಠ ಮುಂದುವರಿಯಿತು. ಹಿಂದೆಯೂ ಎರಡು ಸಲ ಹೀಗಾಗಿತ್ತಂತೆ. ಇದನ್ನೇ ಅವರು ತಾಯಿಗೆ ಹೇಳಲಾರದೆ ಹನ್ನೊಂದು ತಿಂಗಳು ಒಳಗಿಟ್ಟುಕೊಂಡಿದ್ದರು.

ಪಾಠ ಮುಗಿಯುವ ಹೊತ್ತಿಗೆ ಆ ಹುಡುಗ, "ಅಜ್ಜಾರ, ನೀವೂ ಒಂದು ಹೆಜ್ಜಿ ಹಾಕ್ರಿ" ಎಂದ. ನಿರಾಕರಿಸಬೇಕೆಂದೇ ಬಾಯಿ ತೆರೆದೆವು. ಏನು ಹೇಳಿದೆವೋ ತಿಳಿಯದು. ಧೋತ್ರದ ಚುಂಗನ್ನು ಸಿಕ್ಕಿಸಿಕೊಂಡು, ಒಂದು ಕೈಯಿಂದ ಕಿಟಕಿಯ ಸರಳನ್ನು ಹಿಡಿದು ನಿಂತಿದ್ದೆವು. ಕಾಲು ಮುಂದೆ ದಾಟಿಸಿ, ಎದೆ ತೆರೆದು, ಹಿಂದಕ್ಕೆ ಬರುವುದು. ನಿಂತು ಹಾಕುವ ಹೆಜ್ಜೆಗಳಲ್ಲಿ ಮೊದಲನೆಯದು. "ಅಜ್ಜಾ, ತಪ್ಪು, ಎಡಗಾಲು" ಎಂದಳು ಎಂಟು ವರ್ಷದ ಬಾಲಕಿ. ತಿದ್ದಿಕೊಂಡೆವು. ನಾಲ್ಕು ಸಲ ಹಾಕುವಷ್ಟರಲ್ಲಿ ಮೊಣಕಾಲು ದೂರಿತು, ಕುಳಿತೆವು.

ಹಿಂದಿರುಗುವಾಗ ಬಸ್ಸಿನಲ್ಲಿ ಮಾಸ್ತರರೂ ನಾವೂ ಲಿಂಗಧಾರಣೆಯ ಸ್ಥಾನಗಳನ್ನು ಒಂದೊಂದಾಗಿ ಪರಿಶೀಲಿಸಿದೆವು. ಎದೆಯ ನಡುವೆ ಇದ್ದರೆ ಮಗುಚಿ ಮಲಗುವಾಗ ನೆಲಕ್ಕೆ ಒತ್ತುತ್ತದೆ. ತಲೆವಸ್ತ್ರದಲ್ಲಿಟ್ಟರೆ ತಲೆಯೇ ನೆಲಕ್ಕೆ ತಾಗುವ ದಿನ ಬರಬಹುದು. ಅಂಗೈಯಂತೂ ಬಿಡುವಿಲ್ಲದ್ದು. ಉಳಿದದ್ದು ಕಕ್ಷ. ಕಂಕುಳಿನ ಕೆಳಗೆ, ಪಕ್ಕೆಯ ಮೇಲ್ಭಾಗದಲ್ಲಿ, ಎದೆಯನ್ನು ಬಳಸಿ ಕಟ್ಟುವ ಅಗಲವಾದ ಪಟ್ಟಿಯೊಳಗೆ ಸೆಜ್ಜೆಯನ್ನು ಹೊಲಿದರೆ ಜಾರದು, ನೆಲಕ್ಕೂ ತಾಗದು. ಶಾಸ್ತ್ರಸಮ್ಮತವೂ ಹೌದು. ಈ ತೀರ್ಮಾನಕ್ಕೆ ಬರುವಾಗ ಅಕ್ಕಲಕೋಟೆ ದಾಟಿತ್ತು.

ಆ ರಾತ್ರಿ ತಾಯಿಗೆ ನಡೆದುದನ್ನೆಲ್ಲ ತಿಳಿಸಿದೆವು, ವಸ್ತ್ರ ಜಾರಿದ್ದನ್ನೂ ಮರೆಮಾಚಲಿಲ್ಲ. ಮಗ ತಲೆ ತಗ್ಗಿಸಿ ನಿಂತಿದ್ದರು. ತಾಯಿ ಕುಣಿತದ ವಿಷಯವಾಗಿ ಒಂದು ಮಾತನ್ನೂ ಕೇಳಲಿಲ್ಲ. ಪಟ್ಟಿ ಎಷ್ಟು ಬೆರಳು ಅಗಲವಿರಬೇಕು, ಗುಂಡಿಯೋ ಕಸಿಯೋ, ಬೆವರು ಹೀರುವ ಬಟ್ಟೆಯೋ ಅಲ್ಲವೋ, ಇಷ್ಟನ್ನೇ ಕೇಳಿದರು. ಪ್ರವಚನದ ಮಂಗಲದ ಹಿಂದಿನ ದಿನ ಅದನ್ನು ಹೊಲಿದು ತಂದು ನಮ್ಮ ಮುಂದಿಟ್ಟರು. ತಮ್ಮ ಹಳೆಯ ಇಳಕಲ್ಲ ಸೀರೆಯ ಬಟ್ಟೆ, ಒಳಗೆ ಮೆತ್ತನೆಯ ಹತ್ತಿಯ ಪದರ, ಎರಡು ಸಾಲು ಹೊಲಿಗೆ, ನಾಲ್ಕು ಕಸಿ. ಮಗನಿಗೆ ಅಂಗಿಯ ಒಳಗೆ ಕಟ್ಟಿಸಿ, ಮೂರು ಕಡೆ ಹಿಡಿದು ಜಗ್ಗಿ ನೋಡಿದರು. ಜಾರಲಿಲ್ಲ.

"ಇನ್ನ ಬೇಕಾದಷ್ಟು ಬೀಳಲಿ" ಎಂದು ಹೇಳಿ, ಉಳಿದ ಬಟ್ಟೆಯ ತುಂಡನ್ನು ಮಡಿಚಿಕೊಂಡು ಒಳಗೆ ಹೋದರು.